ಮೂರು ವರ್ಷದ ಶೋಕ ಯಾಕೆ? ಚೀನಾದ ಸಾವಿನ ಆಚರಣೆಗಳ ಟಿಪ್ಪಣಿ

ಹಳೆಯ ಚೀನಾದಲ್ಲಿ ತಂದೆ ಅಥವಾ ತಾಯಿ ತೀರಿಕೊಂಡರೆ ಮಕ್ಕಳು ಮೂರು ವರ್ಷ ಶೋಕ ಆಚರಿಸಬೇಕಿತ್ತು. ಇದು ತುಂಬಾ ಜಾಸ್ತಿ ಅನ್ನಿಸುತ್ತೆ, ಅಲ್ವಾ? ಕನ್ಫ್ಯೂಷಿಯಸ್‌ನ (ಕ್ರಿ.ಪೂ. 551–479) ಶಿಷ್ಯ ಝಾಯ್ ವೋಗೂ ಹಾಗೇ ಅನ್ನಿಸಿತ್ತು.

ಅವನ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಒಂದು ವರ್ಷದಲ್ಲಿ ಹಳೆ ಕಾಳು ಮುಗಿದು ಹೊಸ ಕಾಳು ಬರುತ್ತದೆ, ಅಷ್ಟು ದಿನ ಸಾಕಲ್ಲ ಎಂದು ಕೇಳಿದ. ಗುರು ಬೈಯಲಿಲ್ಲ. ಒಂದೇ ವರ್ಷಕ್ಕೆ ಶೋಕ ಮುಗಿಸಿ ಅಕ್ಕಿ ಅನ್ನ ಉಂಡು ರೇಷ್ಮೆ ಉಟ್ಟರೆ ನಿನ್ನ ಮನಸ್ಸಿಗೆ ಸಮಾಧಾನ ಇರುತ್ತದಾ ಎಂದು ತಿರುಗಿ ಕೇಳಿದ. (ಉತ್ತರ ಚೀನಾದಲ್ಲಿ ಆಗ ದಿನದ ಊಟ ನವಣೆಯಂಥ ಸಿರಿಧಾನ್ಯ. ಅಕ್ಕಿ ಅನ್ನ ಅಂದರೆ ಹಬ್ಬದೂಟದ ಹಾಗೆ.) ಇರುತ್ತದೆ ಎಂದ ಶಿಷ್ಯ. ಹಾಗಿದ್ದರೆ ಹಾಗೇ ಮಾಡು ಎಂದ ಗುರು. ಝಾಯ್ ವೋ ಎದ್ದು ಹೋದ ಮೇಲೆ ಕಾರಣ ಹೇಳಿದ: ಮಗು ಮೂರು ವರ್ಷ ತುಂಬುವವರೆಗೂ ಹೆತ್ತವರ ತೋಳಿನಿಂದ ಇಳಿಯುವುದಿಲ್ಲ. ಅವನಿಗೂ ಆ ಮೂರು ವರ್ಷ ಸಿಕ್ಕಿತ್ತಲ್ಲವೇ?

ಇಲ್ಲಿ ನಾವು ಎಚ್ಚರ ವಹಿಸಬೇಕು. ಇದನ್ನು 'ಸೂತಕ' ಎಂದು ಬರೆದರೆ ಅರ್ಥ ತಪ್ಪುತ್ತದೆ. ಗುರು ಕೊಟ್ಟ ಕಾರಣದಲ್ಲಿ ಮೈಲಿಗೆಯ ಮಾತೇ ಇಲ್ಲ. ಎತ್ತಿ ಆಡಿಸಿದವರ ಋಣ, ಅಷ್ಟೇ.

ಲೆಕ್ಕದಲ್ಲಿ ಮೂರು ವರ್ಷ ಅಂದರೆ ಪೂರ್ತಿ 36 ತಿಂಗಳಲ್ಲ. ಮೂರನೇ ವರ್ಷಕ್ಕೆ ಕಾಲಿಟ್ಟರೆ ಸಾಕು. ಮುಂದೆ ರೂಢಿಗೆ ಬಂದದ್ದು 27 ತಿಂಗಳು. ಅಷ್ಟೂ ದಿನ ಸರ್ಕಾರಿ ಅಧಿಕಾರಿ ಕೆಲಸ ಬಿಟ್ಟು ಊರಿಗೆ ಹೋಗಬೇಕಿತ್ತು. 1577ರಲ್ಲಿ ಮಿಂಗ್ ರಾಜವಂಶದ ಆಸ್ಥಾನದ ಮುಖ್ಯ ಮಂತ್ರಿ ಝಾಂಗ್ ಜುಝೆಂಗ್‌ನ ತಂದೆ ತೀರಿಕೊಂಡರು. ಬಾಲಕನಾಗಿದ್ದ ವಾನ್ಲಿ ಚಕ್ರವರ್ತಿ ಅವನನ್ನು ಹುದ್ದೆಯಲ್ಲೇ ಉಳಿಸಿಕೊಂಡ. ಇದು ಸರಿಯಲ್ಲ ಎಂದು ಬರೆದುಕೊಟ್ಟ ಅಧಿಕಾರಿಗಳಿಗೆ ಕೋಲಿನ ಏಟು ಬಿತ್ತು. ಏಟು ತಿಂದಾದರೂ ಹೇಳಬೇಕು ಎನ್ನುವಷ್ಟು ದೊಡ್ಡ ಮಾತು ಅವರಿಗದು.

ಶೋಕದ ಉಡುಪಿನಲ್ಲಿ ಐದು ದರ್ಜೆ. ತಂದೆಗಾಗಿ ಮಗ ಉಡುವುದು ತೀರಾ ಒರಟಾದ ಸೆಣಬಿನ ಬಟ್ಟೆ, ಅಂಚು ಹೊಲಿಯದೆ ಹಾಗೇ ಬಿಟ್ಟದ್ದು. ಸಂಬಂಧ ದೂರವಾದಂತೆ ಬಟ್ಟೆ ನಯವಾಗುತ್ತದೆ, ದಿನಗಳೂ ಕಡಿಮೆ.

ನನಗೆ ತುಂಬಾ ಹಿಡಿಸಿದ್ದು ಹೆಸರಿನ ಹಲಗೆಯ ವಿಧಿ. ಸತ್ತವರ ಹೆಸರಿರುವ ಮರದ ಹಲಗೆಯಲ್ಲಿ 'ಝು' ಎಂಬ ಅಕ್ಷರ ಬರಬೇಕು, ಅಂದರೆ ಒಡೆಯ. ಅದರ ತಲೆಯ ಮೇಲಿನ ಒಂದು ಚುಕ್ಕೆಯನ್ನು ಬೇಕೆಂದೇ ಬಿಟ್ಟಿರುತ್ತಾರೆ. ಚುಕ್ಕೆ ಇಲ್ಲದಿದ್ದರೆ ಅದು 'ವಾಂಗ್', ರಾಜ ಎಂಬ ಬೇರೆಯೇ ಪದ. ಊರಿನ ಗೌರವಸ್ಥರೊಬ್ಬರು ಕುಂಚವನ್ನು ಕೆಂಪು ಬಣ್ಣದಲ್ಲಿ ಅದ್ದಿ ಆ ಚುಕ್ಕೆ ಇಡುತ್ತಾರೆ. ಅಲ್ಲಿಂದ ಮುಂದೆ ಅದು ಬರೀ ಮರವಲ್ಲ, ಮನೆಯ ಹಿರಿಯರು.

ಏಳು ದಿನಕ್ಕೊಮ್ಮೆ ಏಳು ಸಲ, ಒಟ್ಟು 49 ದಿನ ನಡೆಯುವ ವಿಧಿ ಬೌದ್ಧರದು. ಸಾವಿಗೂ ಮರುಹುಟ್ಟಿಗೂ ನಡುವೆ ಏಳು ವಾರ ಎಂಬ ಈ ನಂಬಿಕೆ ನಮ್ಮ ಕಡೆಯಿಂದ ಹೋದದ್ದು. ಏಪ್ರಿಲ್ 4 ಅಥವಾ 5ರ ಹೊತ್ತಿಗೆ ಬರುವ ಚಿಂಗ್‌ಮಿಂಗ್ ದಿನ ಸಮಾಧಿ ಗುಡಿಸಿ, ಕಳೆ ಕಿತ್ತು, ಊಟ ಇಡುತ್ತಾರೆ. 2008ರಿಂದ ಚೀನಾದಲ್ಲಿ ಅದಕ್ಕೆ ಸರ್ಕಾರಿ ರಜೆ.

ಕನ್ಫ್ಯೂಷಿಯಸ್ ಸತ್ತಾಗ ಶಿಷ್ಯರು ಮೂರು ವರ್ಷ ಮನಸ್ಸಿನಲ್ಲೇ ಶೋಕ ಆಚರಿಸಿದರು. ಆಮೇಲೆ ಅಳುತ್ತಾ ಬೀಳ್ಕೊಂಡು ಹೊರಟರು. ಝಿಗೊಂಗ್ ಒಬ್ಬ ಹೋಗಲಿಲ್ಲ. ಸಮಾಧಿಯ ಪಕ್ಕದ ಗುಡಿಸಲಲ್ಲಿ ಇನ್ನೂ ಮೂರು ವರ್ಷ ಉಳಿದ. ಶಾನ್‌ಡಾಂಗ್ ಪ್ರಾಂತ್ಯದ ಚೂಫುಗೆ ಹೋದರೆ ಆ ಜಾಗವನ್ನು ಈಗಲೂ ತೋರಿಸುತ್ತಾರೆ.