ಓದುಗರ ಪ್ರಶ್ನೆ: ಪೊಲೀಸರು ಕೇಳಿದರೆ ಆಧಾರ್ ತೋರಿಸಲೇಬೇಕಾ?

"ಸರ್, ರಾತ್ರಿ ಊಟ ಮುಗಿಸಿ ನಡ್ಕೊಂಡು ಬರ್ತಿದ್ದೆ. ಪೊಲೀಸರು ನಿಲ್ಲಿಸಿ ಆಧಾರ್ ಕೇಳಿದ್ರು. ಜೇಬಲ್ಲಿ ಇರಲಿಲ್ಲ. ಅದಕ್ಕೇ ಅರೆಸ್ಟ್ ಮಾಡಬಹುದಾ?"

ಮಾಡೋ ಹಾಗಿಲ್ಲ. ಇದನ್ನು ಎಷ್ಟು ಸಲ ಬರೆದರೂ ಅದೇ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಬೇರುಸಮೇತ ನೋಡೋಣ.

"ಆಧಾರ್ ಯಾವಾಗಲೂ ಜೊತೆಗಿರಬೇಕು, ಅದು ಕಾನೂನು" ಅನ್ನೋ ಮಾತನ್ನು ಓದಿದವರೂ ನಂಬುತ್ತಾರೆ. ಯಾವ ಕಾನೂನು ಅಂತ ಕೇಳಿ ನೋಡಿ, ಯಾರೂ ಹೇಳುವುದಿಲ್ಲ. ಯಾಕಂದ್ರೆ ಅಂಥದ್ದು ಇಲ್ಲ. 2016ರ ಆಧಾರ್ ಕಾಯ್ದೆ ಬಂದಿದ್ದು ಸಬ್ಸಿಡಿ, ಸವಲತ್ತು ಹಂಚುವುದಕ್ಕೆ. ರಸ್ತೆಯಲ್ಲಿ ನಡೆಯುವವರ ಜೇಬು ನೋಡುವುದಕ್ಕಲ್ಲ. ಆಧಾರ್ ಸಂಖ್ಯೆ ಪೌರತ್ವಕ್ಕೆ ಪುರಾವೆ ಅಲ್ಲ ಅಂತ ಅದೇ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ಭಾರತದ ಪ್ರಜೆ ಗುರುತಿನ ಚೀಟಿ ಇಟ್ಟುಕೊಂಡೇ ಮನೆಯಿಂದ ಹೊರಡಬೇಕು ಅಂತ ಬೇರೆ ಕಾಯ್ದೆಯೂ ಇಲ್ಲ.

ಈ ಗೊಂದಲ ಹುಟ್ಟಿದ್ದು ಬಹುಶಃ ಗಾಡಿಯಿಂದ. ಗಾಡಿ ಓಡಿಸುವವರ ಲೆಕ್ಕ ಬೇರೆ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಡಿಎಲ್ ತೋರಿಸಬೇಕು. ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಅದು. ಡಿಜಿಲಾಕರ್‌ನಲ್ಲಿ ತೋರಿಸಿದರೂ ಸಾಕು. ಆದರೆ ಇದು ಓಡಿಸುವವರಿಗೆ. ಹಿಂದೆ ಕೂತವರಿಗಲ್ಲ, ಫುಟ್‌ಪಾತ್‌ನಲ್ಲಿ ಹೋಗುವವರಿಗೂ ಅಲ್ಲ.

"ಹಾಗಾದ್ರೆ ಹೆಸರೂ ಹೇಳಬೇಕಾಗಿಲ್ವಾ?" ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಂಧನ, ತನಿಖೆ ಹೇಗೆ ನಡೆಯಬೇಕು ಅಂತ ಹೇಳುತ್ತಿದ್ದ ಹಳೇ ಕಾನೂನು ಸಿಆರ್‌ಪಿಸಿ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಈ ಸಂಹಿತೆಯ 39ನೇ ಸೆಕ್ಷನ್ ಪ್ರಕಾರ, ವಾರಂಟ್ ಇಲ್ಲದೆ ಬಂಧಿಸಲಾಗದ ಸಣ್ಣ ಅಪರಾಧವನ್ನು ನೀವು ಪೊಲೀಸರ ಎದುರೇ ಮಾಡಿದರೆ, ಅಥವಾ ನಿಮ್ಮ ಮೇಲೆ ಅಂಥ ಆರೋಪ ಬಂದರೆ, ಅವರು ಹೆಸರು, ವಿಳಾಸ ಕೇಳಬಹುದು. ಹೇಳದಿದ್ದರೆ, ಸುಳ್ಳು ಹೇಳಿದರೆ ಬಂಧಿಸಬಹುದು. ಅದೂ ನಿಜವಾದ ಹೆಸರು, ವಿಳಾಸ ಗೊತ್ತಾಗುವ ತನಕ. ಗೊತ್ತಾದ ಮೇಲೆ ಬಾಂಡ್ ಬರೆಸಿಕೊಂಡು ಬಿಡಬೇಕು. ಗಮನಿಸಿ, ಅಲ್ಲಿ ಕೇಳಿರುವುದು ಹೆಸರು ಮತ್ತು ವಿಳಾಸ. ಕಾರ್ಡ್ ಅಲ್ಲ!

ಇದಕ್ಕೆಲ್ಲ ಬುಡ ಸಂವಿಧಾನದ 21ನೇ ವಿಧಿ. ಕಾನೂನು ಹೇಳಿದ ಕ್ರಮದಲ್ಲಿ ಅಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುವಂತಿಲ್ಲ. ಅಂದರೆ ನಡೆದಾಡಲು ನಿಮಗೆ ಸೆಕ್ಷನ್ ಬೇಡ. ನಿಮ್ಮನ್ನು ಹಿಡಿದಿಟ್ಟುಕೊಳ್ಳಲು ಅವರಿಗೆ ಬೇಕು. ಖಾಸಗಿತನವೂ ಇದೇ ವಿಧಿಯೊಳಗಿನ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸ್ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮವರು ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆ.

ಬೆಂಗಳೂರಿನಲ್ಲೇ 2022ರ ಡಿಸೆಂಬರ್‌ನಲ್ಲಿ ನಡೆದಿದ್ದು ನೆನಪಿದೆಯಾ? ಮಧ್ಯರಾತ್ರಿ ಮನೆಗೆ ನಡೆದು ಹೋಗುತ್ತಿದ್ದ ಗಂಡ ಹೆಂಡತಿಯನ್ನು ಗಸ್ತಿನ ಪೊಲೀಸರು ನಿಲ್ಲಿಸಿದರು. ದಂಪತಿ ಫೋನಿನಲ್ಲಿದ್ದ ಆಧಾರ್ ತೋರಿಸಿದರು. ಆದರೂ ಫೋನ್ ಕಿತ್ತುಕೊಂಡರು, 11 ಗಂಟೆ ಮೇಲೆ ಓಡಾಡೋ ಹಾಗಿಲ್ಲ ಅಂದರು, ಮೂರು ಸಾವಿರ ಕೇಳಿ ಕೊನೆಗೆ ಪೇಟಿಎಂನಲ್ಲಿ ಸಾವಿರ ರೂಪಾಯಿ ಹಾಕಿಸಿಕೊಂಡರು. ವಿಷಯ ಹೊರಗೆ ಬಂದ ಮೇಲೆ ಇಬ್ಬರು ಅಮಾನತಾದರು. ಆಧಾರ್ ಇದ್ದೂ ಆ ದಂಪತಿಗೆ ಏನು ಉಪಯೋಗವಾಯ್ತು ಹೇಳಿ. ಅವರ ಪರವಾಗಿದ್ದಿದ್ದು ಕಾನೂನು. 11 ಗಂಟೆಯ ನಿಯಮ ಅನ್ನೋದು ಇರಲೇ ಇಲ್ಲ.

ಹಾಗಂತ ರಸ್ತೆಯಲ್ಲಿ ಜಗಳಕ್ಕೆ ನಿಲ್ಲಬೇಡಿ. ಹೆಸರು, ಮನೆ ಎಲ್ಲಿ ಅಂತ ಸಮಾಧಾನವಾಗಿ ಹೇಳಿ, ಸುಳ್ಳು ಬೇಡ. "ಯಾವ ವಿಷಯಕ್ಕೆ ನಿಲ್ಲಿಸಿದ್ದೀರಿ ಸರ್, ನಾನು ಹೊರಡಬಹುದಾ?" ಅಂತ ಕೇಳಿ. ಗಂಭೀರ ಅಪರಾಧದ ಗಟ್ಟಿ ಅನುಮಾನವಿದ್ದರೆ ಅವರು ವಾರಂಟ್ ಇಲ್ಲದೆಯೂ ಬಂಧಿಸಬಹುದು, ನಿಜ. ಆಗ ಕಾರಣ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಇದು 22ನೇ ವಿಧಿ.

ಯಾರೂ ಕೇಳದ, ಆದರೆ ಕೇಳಬೇಕಾದ ಇನ್ನೊಂದಿದೆ. "ನಾಳೆ ಸ್ಟೇಷನ್‌ಗೆ ಬಂದು ಹೋಗಿ" ಅಂತ ಫೋನ್ ಬಂದರೆ? ಸಾಕ್ಷಿಯಾಗಿ ಕರೆಯುವುದಾದರೆ ಅದೇ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಪ್ರಕಾರ ಲಿಖಿತ ಆದೇಶ ಬೇಕು. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು ಅವರಿರುವ ಜಾಗ ಬಿಟ್ಟು ಬೇರೆಡೆಗೆ ಬರಲೇಬೇಕು ಅನ್ನುವಂತಿಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದ ನೋಟಿಸ್ ಸಾಲದು ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. "ನೋಟಿಸ್ ಕೊಡಿ ಸರ್, ಖಂಡಿತ ಬರ್ತೀನಿ" ಅನ್ನಿ. ಕೊಟ್ಟರೆ ಹೋಗಿ, ಅದರ ಒಂದು ಪ್ರತಿ ಮನೆಯಲ್ಲಿಟ್ಟು ಹೋಗಿ.