ಸುಯ್ಯೆನ್ನುವ ಸದ್ದಿನ ಮೂಲ ಹುಡುಕುವುದು: ಮನೆಯ ಧ್ವನಿಮುದ್ರಣಕ್ಕೊಂದು ಟಿಪ್ಪಣಿ

ಕಟಪಾಡಿಯ ನಮ್ಮ ಮನೆಯ ಚಾವಡಿಯಲ್ಲಿ ದೊಡ್ಡಮ್ಮನ ಪಾಡ್ದನಗಳನ್ನು (ತುಳುವಿನ ಕಥನ ಹಾಡುಗಳನ್ನು) ಮುದ್ರಿಸಿಕೊಳ್ಳಲು ಕುಳಿತ ಮೊದಲ ದಿನ, ಅವರ ದನಿಯ ಹಿಂದೆ ಉದ್ದಕ್ಕೂ ಸುಯ್ಯೆನ್ನುವ ಸದ್ದೊಂದು ಸೇರಿಕೊಂಡಿತು. ಕಾದ ಕಾವಲಿಗೆ ನೀರುದೋಸೆಯ ಹಿಟ್ಟು ಬಿದ್ದಾಗ ಏಳುವ ಸದ್ದನ್ನು ಸಣ್ಣಗೆ ಮಾಡಿ, ನಿಲ್ಲಿಸದೆ ಎಳೆದ ಹಾಗೆ. ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಕೆಟ್ಟಿದೆ, ಹೊಸದು ಕೊಳ್ಳಬೇಕು ಎಂದೇ ನಾನು ತೀರ್ಮಾನಿಸಿದ್ದೆ. ಕೊಳ್ಳದೆ ಉಳಿದದ್ದು ಒಳ್ಳೆಯದಾಯಿತು. ಈ ವಿದ್ಯೆಗೆ ಹೊಸಬರಾದವರಿಗಾಗಿ, ನಾನು ಹುಡುಕಿದ ದಾರಿಯನ್ನು ಬರೆದಿಡುತ್ತಿದ್ದೇನೆ.

ಮೊದಲು ಸದ್ದಿನ ಜಾತಿಯನ್ನು ಗುರುತಿಸಿ. ತಗ್ಗು ದನಿಯಲ್ಲಿ ಗುಂಯ್ ಎಂದರೆ ಅದು ಮನೆಯ ವಿದ್ಯುತ್ತಿನದು: ನಮ್ಮಲ್ಲಿ 50 ಹರ್ಟ್ಸ್, ಜೊತೆಗೆ ಅದರ ಗುಣಕಗಳಾದ 100, 150. ಅರ್ಥಿಂಗ್ ಸರಿಯಿಲ್ಲದಿರುವುದು ಅಥವಾ ಎರಡು ಉಪಕರಣಗಳ ಅರ್ಥ್ ತಂತಿಗಳು ಸೇರಿ ಸುತ್ತು ಹಾಕಿಕೊಂಡಿರುವುದು ಅದರ ಸಾಮಾನ್ಯ ಕಾರಣ. (ಅದನ್ನು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ನನ್ನು ಎಂದೂ ಕೀಳಬೇಡಿ, ಅದು ಜೀವಕ್ಕೆ ಅಪಾಯ.) ಸೊಳ್ಳೆಯಂತೆ ಒಂದೇ ಶ್ರುತಿಯಲ್ಲಿ ಕೀಂ ಎನ್ನುತ್ತಿದ್ದರೆ ಯುಎಸ್‌ಬಿಯನ್ನು ಅನುಮಾನಿಸಿ. ಯುಎಸ್‌ಬಿ ಮಾಹಿತಿ ಸೆಕೆಂಡಿಗೆ 1,000 ಅಥವಾ 8,000 ಕಂತುಗಳಲ್ಲಿ ಹರಿಯುವುದರಿಂದ ಆ ಸದ್ದು ಹೆಚ್ಚಾಗಿ 1 ಅಥವಾ 8 ಕಿಲೋಹರ್ಟ್ಸ್‌ನಲ್ಲಿ ಕೇಳುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ಓಡಿಸಿ ನೋಡಿ. ಇವೆರಡೂ ಅಲ್ಲದೆ, ಯಾವ ಶ್ರುತಿಗೂ ನಿಲ್ಲದ ಸುಯ್ ಆಗಿದ್ದರೆ ಮುಂದಕ್ಕೆ ಓದಿ.

ಆದರೆ ಮನೆಯೊಳಗಿನ ಸುಯ್ ಎಲ್ಲವೂ ವಿದ್ಯುತ್ತಿನದಲ್ಲ. ಸೀಲಿಂಗ್ ಫ್ಯಾನಿನ ಗಾಳಿ, ಹೆಂಚಿನ ಮೇಲೆ ಬೀಳುವ ಜಿಟಿಜಿಟಿ ಮಳೆ, ರಾತ್ರಿ ದೂರದಿಂದ ಬರುವ ಕಡಲಿನ ಮೊರೆತ, ಎಲ್ಲವೂ ಮೈಕಿಗೆ ಒಂದೇ ಬಗೆಯಾಗಿ ಕೇಳಿಸುತ್ತವೆ. ಮೈಕನ್ನು ಎರಡು ಕಂಬಳಿಯಲ್ಲಿ ಸುತ್ತಿ ಬಟ್ಟೆಯ ಕಪಾಟಿನೊಳಗಿಟ್ಟು ಒಂದು ನಿಮಿಷ ಮುದ್ರಿಸಿದೆ. ಸುಯ್ ಸ್ವಲ್ಪವೂ ಇಳಿಯಲಿಲ್ಲ. ಅಲ್ಲಿಗೆ ಮಳೆಯೂ ಕಡಲೂ ನಿರ್ದೋಷಿಗಳೆಂದಾಯಿತು.

ಮುಂದೆ ಗೇನ್ ತಿರುಪನ್ನು (ಮೈಕಿನಿಂದ ಬಂದದ್ದನ್ನು ಎಷ್ಟು ಹಿಗ್ಗಿಸಬೇಕೆಂದು ಹೇಳುವುದು) ಪೂರ್ತಿ ಇಳಿಸಿ ಹೆಡ್‌ಫೋನಿನಲ್ಲಿ ಕೇಳಿ. ಆಗಲೂ ಸುಯ್ ಹಾಗೆಯೇ ಇದ್ದರೆ ಅದು ಮೈಕಿನ ಕಡೆಯದಲ್ಲ. ಹೆಡ್‌ಫೋನ್ ಆಂಪ್ಲಿಫೈಯರಿನದೋ ಸ್ಪೀಕರಿನದೋ ಇರಬೇಕು, ಮುದ್ರಿಕೆಯ ಕಡತದಲ್ಲಿ ಅದು ಇರುವುದಿಲ್ಲ. ಗೇನ್ ಏರಿಸಿದಂತೆ ಏರಿದರೆ ಮೂಲ ಮೈಕು ಮತ್ತು ಪ್ರೀಆಂಪಿನ (ಇಂಟರ್‌ಫೇಸಿನೊಳಗೆ ಆ ಹಿಗ್ಗಿಸುವ ಕೆಲಸ ಮಾಡುವ ಭಾಗದ) ನಡುವೆ ಎಲ್ಲೋ ಇದೆ. ನನ್ನದು ಏರುತ್ತಿತ್ತು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಪ್ರೀಆಂಪನ್ನು ಪರೀಕ್ಷಿಸಲು ಮೈಕನ್ನೇ ಕಿತ್ತು ಕೇಳಿದೆ. ಸುಯ್ ಇನ್ನೂ ಜೋರಾಯಿತು! ಇಂಟರ್‌ಫೇಸೇ ಕಳ್ಳ ಎಂದುಕೊಂಡೆ. ಏನೂ ಜೋಡಿಸದೆ ತೆರೆದಿಟ್ಟ ಇನ್‌ಪುಟ್ ಯಾವಾಗಲೂ ಹೆಚ್ಚು ಸದ್ದು ಮಾಡುತ್ತದೆ, ಅದು ದೋಷವಲ್ಲ. ಸರಿಯಾದ ಪರೀಕ್ಷೆಗೆ ಎಕ್ಸ್‌ಎಲ್‌ಆರ್ (ಮೈಕಿನ ತಂತಿಯ ಮೂರು ಪಿನ್ನಿನ) ಪ್ಲಗ್ಗಿನ 2 ಮತ್ತು 3ನೇ ಪಿನ್ನುಗಳ ನಡುವೆ 150 ಓಮ್ ರೆಸಿಸ್ಟರ್ ಬೆಸುಗೆ ಹಾಕಿ ಇನ್‌ಪುಟ್ಟಿಗೆ ಸಿಕ್ಕಿಸಬೇಕು. ಮೈಕಿನ ಸುರುಳಿಯ ಬದಲಿಗೆ ಅದು ನಿಲ್ಲುತ್ತದೆ. ಸಿಕ್ಕಿಸಿದಾಗ ಕೇಳಿದ್ದು ಮೈಕ್ ಜೋಡಿಸಿದಾಗಿನಷ್ಟೇ ಸುಯ್.

ಯಾಕೆ ಎನ್ನುವುದು ನನಗೆ ಈ ಇಡೀ ಪಾಠದ ಅತ್ಯಂತ ಸುಂದರ ಭಾಗ. ರೋಧವಿರುವ ಯಾವುದೇ ವಸ್ತುವಿನೊಳಗೆ ಎಲೆಕ್ಟ್ರಾನುಗಳು ಶಾಖದಿಂದ ಸದಾ ಚಡಪಡಿಸುತ್ತಿರುತ್ತವೆ. ಆ ಚಡಪಡಿಕೆಯೇ ವೋಲ್ಟೇಜ್ ಆಗಿ ಹೊರಬೀಳುತ್ತದೆ. ಬೆಲ್ ಪ್ರಯೋಗಾಲಯದಲ್ಲಿ ಜಾನ್ಸನ್ ಇದನ್ನು ಅಳೆದರು, ನೈಕ್ವಿಸ್ಟ್ ಸೂತ್ರ ಕೊಟ್ಟರು. ಇಬ್ಬರ ಲೇಖನಗಳೂ 1928ರಲ್ಲಿ ಪ್ರಕಟವಾದವು. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಾವು ಕೇಳಬಲ್ಲ 20 ಕಿಲೋಹರ್ಟ್ಸ್ ವ್ಯಾಪ್ತಿಗೆ, 150 ಓಮ್‌ನಿಂದ ಬರುವ ಸದ್ದು ಸುಮಾರು 0.22 ಮೈಕ್ರೋವೋಲ್ಟ್. ಎ.ಸಿ. ಹಾಕಿ ಕೋಣೆಯನ್ನು ಹತ್ತು ಡಿಗ್ರಿ ತಣಿಸಿದರೂ ಇದು 0.15 ಡೆಸಿಬೆಲ್‌ನಷ್ಟೇ ಇಳಿಯುತ್ತದೆ. ಒಳ್ಳೆಯ ಪ್ರೀಆಂಪ್ ತನ್ನದನ್ನೂ ಸೇರಿಸಿದಾಗ ಒಟ್ಟು ಸುಮಾರು 0.3 ಮೈಕ್ರೋವೋಲ್ಟ್ ಆಗುತ್ತದೆ. ಅಂದರೆ ಪ್ರಪಂಚದ ಅತ್ಯುತ್ತಮ ಪ್ರೀಆಂಪ್ ತಂದರೂ ನನಗೆ ಸಿಗುವ ಲಾಭ 3 ಡೆಸಿಬೆಲ್ ದಾಟುವುದಿಲ್ಲ.

ಈಗ ದನಿಯ ಕಡೆ ನೋಡಿ. ಶೂರ್ ಎಸ್‌ಎಂ7ಬಿಯಂಥ ಡೈನಮಿಕ್ ಮೈಕ್ 94 ಡೆಸಿಬೆಲ್ ಸದ್ದಿಗೆ 1.12 ಮಿಲಿವೋಲ್ಟ್ ಕೊಡುತ್ತದೆ. ಅರ್ಧ ಅಡಿ ದೂರದಿಂದ ಸಾಮಾನ್ಯವಾಗಿ ಮಾತಾಡಿದರೆ ಮೈಕನ್ನು ತಲುಪುವುದು ಅದಕ್ಕಿಂತ ಸುಮಾರು 20 ಡೆಸಿಬೆಲ್ ಕಡಿಮೆ, ಅಂದರೆ ಮಿಲಿವೋಲ್ಟಿನ ಹತ್ತನೆಯ ಒಂದು ಭಾಗ. ಆ 0.3 ಮೈಕ್ರೋವೋಲ್ಟಿನ ಸುಯ್ಯಿಗಿಂತ ದನಿ ಸುಮಾರು 350 ಪಟ್ಟು, 51 ಡೆಸಿಬೆಲ್ ಮೇಲಿದೆ. ಅಷ್ಟಿದ್ದರೆ ಕೆಲಸ ನಡೆಯುತ್ತದೆ. ಆದರೆ ದೊಡ್ಡಮ್ಮ ಕುಳಿತದ್ದು ಅರ್ಧ ಅಡಿಯಲ್ಲಲ್ಲ. ನೇಜಿ ನೆಡುವ ಗದ್ದೆಯಲ್ಲಿ ಹಾಡಿ ರೂಢಿಯಾದವರು ಅವರು. ಕಂಬಕ್ಕೆ ಒರಗಿ, ಮುಖ ಎತ್ತಿ, ಮೈಕಿನಿಂದ ಎರಡು ಅಡಿ ದೂರದಲ್ಲಿದ್ದರು. ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಹೋಗುತ್ತದೆ. ಎರಡು ಅಡಿಯೆಂದರೆ 12 ಹೋಯಿತು. ವಯಸ್ಸಾದ ಮೆಲುದನಿ ಬೇರೆ. ಆ ನಷ್ಟ ತುಂಬಲು ನಾನು ಗೇನನ್ನು ತುದಿಗೆ ತಿರುಗಿಸಿದ್ದೆ, ದನಿಯ ಜೊತೆ ಸುಯ್ಯೂ ಎದ್ದು ಬಂದಿತ್ತು. ಗೇನ್ ಇಳಿಸಿ, ಮುದ್ರಿಸಿದ ಮೇಲೆ ಏರಿಸಿದರೂ ಅಷ್ಟೇ: ದನಿಗೂ ಸುಯ್ಯಿಗೂ ಇರುವ ಅಂತರ ಮೈಕಿನ ಮುಂದೆಯೇ ನಿರ್ಧಾರವಾಗಿಬಿಟ್ಟಿರುತ್ತದೆ.

"ದೊಡ್ಡಮ್ಮ, ನೀವು ಒರಗಿಯೇ ಕುಳಿತುಕೊಳ್ಳಿ" ಎಂದು ಸ್ಟ್ಯಾಂಡನ್ನೇ ಅವರ ಬಳಿಗೆ ಸರಿಸಿದೆ. ಮೈಕ್ ಬಾಯಿಗೆ ನೇರವಾಗದೆ ಕೆನ್ನೆಯ ಕಡೆಯಿಂದ, ಅರ್ಧ ಅಡಿಗೆ. ಓರೆಯಾಗಿದ್ದರೆ ಪಕಾರ ಬಕಾರಗಳ ಗಾಳಿ ಬಡಿಯುವುದಿಲ್ಲ. ಹತ್ತಿರ ತಂದಾಗ ದನಿ ದಪ್ಪವಾಗುತ್ತದೆ. ಮೈಕಿನಲ್ಲಿ ತಗ್ಗು ದನಿ ಕತ್ತರಿಸುವ ಸ್ವಿಚ್ ಇದ್ದರೆ ಹಾಕಿ. ಗೇನ್ ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ಬಂತು, ಸುಯ್ ಹಾಡಿನ ಕೆಳಗೆ ಅಡಗಿತು.

ಮೈಕ್ ಹತ್ತಿರ ತರಲಾಗದ ಕಡೆ ಕಂಡೆನ್ಸರ್ ಮೈಕ್ (ವಿದ್ಯುತ್ ಕೊಟ್ಟು ನಡೆಸಬೇಕಾದ ಬಗೆಯದು) ನಿಜಕ್ಕೂ ನೆರವಾಗುತ್ತದೆ, ಅದರ ಔಟ್‌ಪುಟ್ ಹತ್ತು ಪಟ್ಟಿಗೂ ಹೆಚ್ಚಿರುತ್ತದೆ. ಆದರೆ ಕರಾವಳಿಯ ಮಳೆಗಾಲದಲ್ಲಿ ಅದರ ಒಳಗೆ ತೇವ ಕೂತರೆ ಅರಳು ಹುರಿದಂತೆ ಚಟಪಟ ಸದ್ದು ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

ತಂತ್ರಾಂಶದ ಸದ್ದಿಳಿಸುವ ಸೌಲಭ್ಯವನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೇನೆ, ಅದೂ ಅಲ್ಪಸ್ವಲ್ಪ. ಅದಕ್ಕೆ ಬರಿಯ ಸುಯ್ಯಿನ ಮಾದರಿ ಸಿಗಲೆಂದು ಹಾಡು ಶುರುವಾಗುವ ಮೊದಲು ಹತ್ತು ಸೆಕೆಂಡಿನ ಮೌನ ಮುದ್ರಿಸಿಕೊಳ್ಳುತ್ತೇನೆ. ಮೊದಲ ದಿನದ ಮುದ್ರಿಕೆಗೆ ಅದನ್ನು ಜೋರಾಗಿ ಹಾಕಿ ನೋಡಿದಾಗ ಪ್ರತಿ ಸಾಲಿನ ಕೊನೆಯಲ್ಲಿ ದೊಡ್ಡಮ್ಮ ಎಳೆಯುವ ಸ್ವರ ನಡುವೆಯೇ ತುಂಡಾಗಿ, ನೀರಿನೊಳಗಿಂದ ಬಂದಂತಾಯಿತು. ಆ ಕಡತವನ್ನು ಅಳಿಸಿ, ಅದೇ ಪಾಡ್ದನವನ್ನು ಇನ್ನೊಮ್ಮೆ ಹಾಡಲು ಅವರನ್ನು ಕೇಳಿಕೊಂಡೆ.