ಬೆರಳಿಗೆ ಅಂಟಿಕೊಂಡ ಹಳೇ ಸಾಫ್ಟ್‌ವೇರ್

ಪೀಣ್ಯದ ಕಾರ್ಖಾನೆಯಿರಲಿ, ಜಯನಗರದ ಆಡಿಟರ್ ಕಚೇರಿಯಿರಲಿ, ಹೊಸ ಸಿಸ್ಟಂ ಬಂದಾಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ವಯಸ್ಸಾದವರಿಗೆ ಇದೆಲ್ಲ ತಲೆಗೆ ಹತ್ತಲ್ಲ." ಇದು ಅನ್ಯಾಯದ ಮಾತು. ಇಪ್ಪತ್ತು ವರ್ಷ ಲೆಕ್ಕ ಬರೆದವರು ಹೊಸ ಪರದೆಯ ಮುಂದೆ ತಡವರಿಸುತ್ತಿದ್ದರೆ ಅದಕ್ಕೆ ದೊಡ್ಡ ಕಾರಣ ಅವರ ಪರಿಣತಿಯಲ್ಲೇ ಇದೆ.

ಅವರ ಬೆರಳುಗಳನ್ನು ಗಮನಿಸಿ. ನಮ್ಮ ಬೆಂಗಳೂರಿನದೇ ಆದ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಎಫ್5 ಒತ್ತಿದರೆ ಪೇಮೆಂಟ್ ವೋಚರ್ ತೆರೆಯುತ್ತದೆ, ಕಂಟ್ರೋಲ್-ಎ ಒತ್ತಿದರೆ ಎಂಟ್ರಿ ಸೇವ್ ಆಗುತ್ತದೆ. ಕಂಪನಿ ಈಗ ಬ್ರೌಸರ್‌ನಲ್ಲಿ ನಡೆಯುವ ಇಆರ್‌ಪಿ (ಲೆಕ್ಕ, ಖರೀದಿ, ದಾಸ್ತಾನು ಎಲ್ಲವನ್ನೂ ಒಂದೇ ಕಡೆ ನಡೆಸುವ ಸಾಫ್ಟ್‌ವೇರ್) ತಂದಿತು ಅನ್ನಿ. ಉದ್ದದ ಬಿಲ್ಲು ತುಂಬಿಸಿ, ಷರಾ ಬರೆದು, ರೂಢಿಯಂತೆ ಕಂಟ್ರೋಲ್-ಎ ಒತ್ತುತ್ತಾರೆ. ಸೇವ್ ಆಗುವ ಬದಲು ಷರಾದ ಚೌಕದಲ್ಲಿದ್ದ ಅಕ್ಷರಗಳೆಲ್ಲ ನೀಲಿಯಾಗಿ ಆಯ್ಕೆಯಾಗುತ್ತವೆ. ಮುಂದೆ ಯಾವ ಅಕ್ಷರ ಒತ್ತಿದರೂ ಬರೆದದ್ದೆಲ್ಲ ಹೋಗಿ ಅದೊಂದೇ ಉಳಿಯುತ್ತದೆ. ಎಫ್5 ಒತ್ತಿದರೋ ಪುಟವೇ ರಿಫ್ರೆಶ್ ಆಗಿ, ಸೇವ್ ಮಾಡದ ಬಿಲ್ಲು ಪೂರ್ತಿ ಕೈಬಿಟ್ಟು ಹೋಗಬಹುದು. ಟ್ಯಾಲಿಯನ್ನೇ ಮುಟ್ಟದ ಹೊಸ ಹುಡುಗನಿಗೆ ಈ ಕಾಟವಿಲ್ಲ. ಹಾಗೆಂದು ಅವನು ಹೆಚ್ಚು ಜಾಣ ಎಂದು ಕಚೇರಿ ತೀರ್ಮಾನಿಸಿಬಿಡುತ್ತದೆ.

ಮನೆ ಬದಲಾಯಿಸಿದವರ ಕೈ ಕತ್ತಲಲ್ಲಿ ಹಳೇ ಮನೆಯ ಸ್ವಿಚ್ಚಿದ್ದ ಕಡೆಗೇ ಹೋಗುತ್ತದಲ್ಲ, ಇದೂ ಹಾಗೆಯೇ. ಸುಳಿವು ಅದೇ, ಕೊಡಬೇಕಾದ ಉತ್ತರ ಬೇರೆ. ಹಳೆಯ ಉತ್ತರ ಸಾವಿರಾರು ಸಲ ಪಳಗಿರುವುದರಿಂದ ಯೋಚನೆಗಿಂತ ಮೊದಲೇ ಕೈಗೆ ಬಂದುಬಿಡುತ್ತದೆ.

ಈ ವಿಷಯಕ್ಕೆ ಸೊಗಸಾದ ಚರಿತ್ರೆಯೊಂದಿದೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಮರೆತೆನೆಂದು ಅಳೆದು, 1885ರಲ್ಲಿ ಪ್ರಕಟಿಸಿದ. ಅದೇ ಪಟ್ಟಿಯನ್ನು ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿತಾಯವಾಯಿತು ಎಂಬುದೇ ಅವನ ಅಳತೆ. ಇಪ್ಪತ್ತು ನಿಮಿಷದ ನಂತರ ಶೇ. 58, ಒಂದು ದಿನದ ನಂತರ ಸುಮಾರು ಶೇ. 34, ತಿಂಗಳ ನಂತರ ಸುಮಾರು ಶೇ. 21. ಈ ಇಳಿಜಾರು ಯಾಕಿಷ್ಟು ಕಡಿದು? 1957ರಲ್ಲಿ ಅಮೆರಿಕದ ಮನೋವಿಜ್ಞಾನಿ ಬೆಂಟನ್ ಅಂಡರ್‌ವುಡ್ ಕಾರಣ ತೋರಿಸಿದರು: ಎಬ್ಬಿಂಗ್‌ಹೌಸ್ ಅದಾಗಲೇ ಲೆಕ್ಕವಿಲ್ಲದಷ್ಟು ಪಟ್ಟಿ ಕಲಿತಿದ್ದ, ಹಳೆಯವು ಹೊಸದಕ್ಕೆ ಅಡ್ಡ ಬರುತ್ತಿದ್ದವು. ಹಿಂದೆ ಇಂಥ ಪಟ್ಟಿಗಳನ್ನು ಹೆಚ್ಚು ಕಲಿತವರು ಮರುದಿನದ ಹೊತ್ತಿಗೆ ಹೆಚ್ಚು ಮರೆತಿದ್ದರು. ಮೊದಲ ಸಲ ಕಲಿತವರಿಗೆ ಬಹುಪಾಲು ನೆನಪಿತ್ತು. ಅನುಭವಿಯೇ ಹೆಚ್ಚು ಮರೆಯುತ್ತಾನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೇ?

ಇಷ್ಟು ತಿಳಿದಿದ್ದೂ ಕಂಪನಿಗಳು ಮಾಡುವುದೇನು? ಗೋ-ಲೈವ್‌ಗೆ, ಅಂದರೆ ಹೊಸ ಸಿಸ್ಟಂ ಬಳಕೆಗೆ ಬರುವ ದಿನಕ್ಕೆ, ಮೂರು ವಾರ ಮುಂಚೆ ಎಲ್ಲರನ್ನೂ ಒಂದು ಹಾಲ್‌ನಲ್ಲಿ ಕೂರಿಸಿ ಬೆಳಗ್ಗಿನಿಂದ ಸಂಜೆಯವರೆಗೆ ಪ್ರೊಜೆಕ್ಟರ್ ತೋರಿಸುತ್ತಾರೆ. ಅದರ ಬದಲು ತರಬೇತಿಯನ್ನು ಅರ್ಧರ್ಧ ಗಂಟೆಯಾಗಿ ಒಡೆಯಿರಿ: ಶುರುವಿಗೆ ಮೂರು ದಿನ ಮುಂಚೆ, ಹಿಂದಿನ ದಿನ, ಶುರುವಾದ ಎರಡನೇ ದಿನ, ಒಂದು ವಾರದ ನಂತರ. ಪ್ರತಿ ಸಲವೂ ತೋರಿಸುವುದಕ್ಕಿಂತ ಮಾಡಿಸುವುದು ಹೆಚ್ಚಿರಲಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ವಾರದ ನಂತರ, ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಅವರನ್ನು ಹಿಂದೆ ಹಾಕಿದ್ದರು. ಅಭ್ಯಾಸದ ಸಿಸ್ಟಂನಲ್ಲಿ ನಿಮ್ಮದೇ ಪಾರ್ಟಿಗಳ ಹೆಸರು, ನಿಮ್ಮದೇ ಐಟಂ ಕೋಡ್ ಇರಬೇಕು. "ಎಬಿಸಿ ಟ್ರೇಡರ್ಸ್" ಎಂಬ ಡಮ್ಮಿ ಬಿಲ್ಲಿನಲ್ಲಿ ಕಲಿತದ್ದು, ಲಾರಿ ಬಾಗಿಲಲ್ಲಿ ನಿಂತು ಅರ್ಧ ಮಾಲು ರಿಜೆಕ್ಟ್ ಆದಾಗ ಕೈಗೆ ಬರುವುದಿಲ್ಲ.

ಹಳೆಯದರೊಂದಿಗೆ ಢಿಕ್ಕಿ ಹೊಡೆಯುವ ಕೀಗಳನ್ನು ಕನ್ನಡದಲ್ಲೇ ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿ. ಸೇವ್ ಮಾಡದೆ ಪುಟ ಬಿಟ್ಟರೆ ಎಚ್ಚರಿಕೆ ಬರುವಂತೆ ಸಾಫ್ಟ್‌ವೇರ್‌ನವರಿಂದ ಮಾಡಿಸಿ. ಈ ಎರಡು ಕೆಲಸಕ್ಕೆ ಖರ್ಚು ಅತ್ಯಲ್ಪ.

ಇನ್ನು ದಿನದ ವಿಷಯ. ಪಂಚಾಂಗ ನೋಡಿ ಗೋ-ಲೈವ್ ಇಡುವವರಿದ್ದಾರೆ. ಸರ್ವರ್‌ಗೆ ಕುಂಕುಮವಿಟ್ಟರೆ ನಷ್ಟವಿಲ್ಲ, ಮುಹೂರ್ತವನ್ನು ನಂಬಿ ಜನಬಲ ಕಡಿಮೆ ಮಾಡಿದರೆ ನಷ್ಟವಿದೆ. ಆರಂಭದ ಶಿಲ್ಕು ಸಾಗಿಸಲು ತಿಂಗಳ ಒಂದನೇ ತಾರೀಖು ಅನುಕೂಲ, ನಿಜ. ಆದರೆ 7ಕ್ಕೆ ಟಿಡಿಎಸ್ (ಮೂಲದಲ್ಲೇ ಕಡಿತ ಮಾಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 15ಕ್ಕೆ ನೌಕರರ ಪಿಎಫ್, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ. ಇವೆಲ್ಲ ಹಿಂದಿನ ತಿಂಗಳ ಲೆಕ್ಕ, ಅಂದರೆ ಹಳೇ ಸಿಸ್ಟಂನಿಂದಲೇ ತೆಗೆಯಬೇಕು. ಹೊಸದನ್ನು ಕಲಿಯುತ್ತಿರುವ ಅದೇ ಕೈಗಳು ಆ ಇಪ್ಪತ್ತು ದಿನ ಹಳೆಯದನ್ನೂ ಒತ್ತುತ್ತಿರುತ್ತವೆ, ರೂಢಿ ಮತ್ತೆ ಗಟ್ಟಿಯಾಗುತ್ತದೆ. ಹಾಗಾಗಿ ಹಳೇ ರಿಟರ್ನ್ಸ್ ಕೆಲಸವನ್ನು ಒಂದಿಬ್ಬರಿಗೆ ಮಾತ್ರ ಬಿಟ್ಟು ಉಳಿದವರನ್ನು ಪೂರ್ತಿ ಹೊಸದಕ್ಕೆ ಹಾಕಿ.

ಮೊದಲ ಎರಡು ವಾರ ಹತ್ತು-ಹದಿನೈದು ಜನಕ್ಕೆ ಒಬ್ಬರಂತೆ, ಅದೇ ವಿಭಾಗದ ಕೆಲಸ ಬಲ್ಲವರು ಸೀಟುಗಳ ನಡುವೆ ಓಡಾಡುತ್ತಿರಲಿ. ಸಹಾಯ ಕೇಳಿದವರ ಮೌಸ್ ಅವರು ಕಸಿದುಕೊಳ್ಳಬಾರದು. ಕೀ ಒತ್ತುವುದು ಕಲಿಯುವವರ ಕೈಯೇ ಆಗಬೇಕು. ಎಲ್ಲರ ಲಾಗಿನ್, ಯಾರಿಗೆ ಯಾವ ಪರದೆ ಎಂಬ ಅನುಮತಿ, ಎರಡನ್ನೂ ಹಿಂದಿನ ದಿನವೇ ಒಬ್ಬೊಬ್ಬರಿಂದ ತೆರೆಸಿ ನೋಡಿ. ಇಲ್ಲದಿದ್ದರೆ ಮೊದಲ ಗಂಟೆಯಲ್ಲೇ ಒಬ್ಬರ ಪಾಸ್‌ವರ್ಡ್ ನಾಲ್ವರ ಕೈಗೆ ಹೋಗುತ್ತದೆ, ಯಾವ ಎಂಟ್ರಿ ಯಾರದೆಂದು ಆಮೇಲೆ ಗೊತ್ತಾಗುವುದಿಲ್ಲ. ಹಿಂದಿನ ತಿಂಗಳ ರಿಟರ್ನ್ಸ್ ಮುಗಿದ ಮರುದಿನ ಹಳೇ ಸಿಸ್ಟಂನಲ್ಲಿ ಹೊಸ ಎಂಟ್ರಿ ಹಾಕುವ ಅನುಮತಿಯನ್ನು ಎಲ್ಲರಿಗೂ ತೆಗೆದು, ನೋಡಲು ಮಾತ್ರ ಉಳಿಸಿ.